ಬಾಲ ಒಳಗೋ ಹೊರಗೋ

ನಮ್ಮ ಮನೆಯ ಹಜಾರದಲ್ಲಿ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಗೋಡೆಯ ಮೇಲೆ, ಯಾರ ಮದುವೆಯ ಫೋಟೋವೂ ಇಲ್ಲ. ಅಲ್ಲಿರುವುದು ಒಂದು ಪ್ರೋಟೀನಿನ ಚಿತ್ರ. ಅರೆಪಾರದರ್ಶಕ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದು ಗಾಜು ಹಾಕಿಸಿದ್ದು. ಉದ್ದಕ್ಕೆ ಎಳೆದ ಎರಡು ಅಡ್ಡಗೆರೆಗಳು ಜೀವಕೋಶದ ಪೊರೆ, ಗೆರೆಗಳ ಮೇಲ್ಗಡೆ ಕೋಶದ ಹೊರಗು, ಕೆಳಗಡೆ ಒಳಗು. ಆ ಪೊರೆಯನ್ನು ಹೊಲಿಗೆಯ ದಾರದ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ ದಾಟುತ್ತ ಹೋಗುವ ದಪ್ಪ ಗೆರೆಯೇ ಪ್ರೋಟೀನು. ಕೊನೆಯಲ್ಲಿ ಅದರ ಬಾಲ ಪೊರೆಯ ಹೊರಗೆ ಚಾಚಿಕೊಂಡಿದೆ. ಕಂಡುಹಿಡಿದವರು ನಮ್ಮ ಮಾವ, ಬರೆದವರು ನಮ್ಮ ಅತ್ತೆ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಅತ್ತೆ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸಕ್ಕಿದ್ದರು. ಸೇತುವೆ, ಚರಂಡಿ, ಆಸ್ಪತ್ರೆ ಎಲ್ಲ ಬರೆದ ಕೈ ಗಂಡನಿಗೋಸ್ಕರ ಒಂದು ಪ್ರೋಟೀನನ್ನೂ ಬರೆದಿತ್ತು.

ಮದುವೆಯಾಗಿ ನಾನು ಈ ಮನೆಗೆ ಬಂದ ದಿನ, ಅತ್ತೆ ಅಡುಗೆಮನೆ ತೋರಿಸುವುದಕ್ಕೂ ಮೊದಲೇ ಮಾವ ನನ್ನನ್ನು ಈ ಚಿತ್ರದ ಮುಂದೆ ನಿಲ್ಲಿಸಿದ್ದರು. "ನೋಡಮ್ಮ, ಈ ಬಾಲ ಇದೆಯಲ್ಲ, ಇದು ಹೊರಗಿದೆ ಅಂತ ಪ್ರಪಂಚಕ್ಕೆ ಮೊದಲು ಹೇಳಿದೋನು ನಾನು." ಶಿಷ್ಯರು ಹಿಂದಿನಿಂದ ಅವರನ್ನು 'ಬಾಲದ ಮೇಷ್ಟ್ರು' ಅನ್ನುತ್ತಾರೆ. ಅದು ಅವರಿಗೂ ಗೊತ್ತು, ಗೊತ್ತಿದ್ದು ಒಳಗೊಳಗೇ ಖುಷಿಪಡುತ್ತಾರೆ.

ಆ ಪ್ರೋಟೀನಿಗೆ ನಾವು ಇಟ್ಟ ಹೆಸರು ದ್ವಾರಪಾಲಕ. ಕರುಳಿನ ಜೀವಕೋಶದ ಪೊರೆಯಲ್ಲಿ ಕೂತು, ಊಟದಲ್ಲಿ ಬಂದ ಜಿಂಕನ್ನು ಒಳಗೆ ಬಿಡುವುದು ಅದರ ಕೆಲಸ. ಬೇಕಾದಷ್ಟು ಒಳಗೆ ಬಂದ ಮೇಲೆ ಬಾಗಿಲು ಮುಚ್ಚುತ್ತದೆ. ಹೇಗೆ ಮುಚ್ಚುತ್ತದೆ ಎನ್ನುವುದು ಮಾತ್ರ ಯಾರಿಗೂ ಬಗೆಹರಿದಿರಲಿಲ್ಲ. ಪುಸ್ತಕಗಳಲ್ಲೆಲ್ಲ ಅತ್ತೆ ಬರೆದ ಚಿತ್ರವೇ, ಬಾಲ ಹೊರಗೇ.

ಈಗ ನನ್ನ ಪಾಡು ಕೇಳಿ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ನನ್ನ ಪಾಲಿಗೆ ಬಂದದ್ದು ಇದೇ ದ್ವಾರಪಾಲಕ, ಅದರಲ್ಲೂ ಇದೇ ಬಾಲ. ಬಾಲಕ್ಕೆ ಅಂಟುವ ಒಂದು ಪ್ರತಿಕಾಯ ತಯಾರಿಸಬೇಕಿತ್ತು. ಪ್ರತಿಕಾಯ ಎಂದರೆ ರೋಗ ಬಂದಾಗ ಮೈ ತಾನಾಗಿ ತಯಾರಿಸಿಕೊಳ್ಳುತ್ತದಲ್ಲ, ಅದೇ. ಆದರೆ ನಮ್ಮಂಥವರ ಕೈಯಲ್ಲಿ ಅದು ಔಷಧವಲ್ಲ, ಹುಡುಕುವ ಸಾಧನ. ಒಂದೊಂದು ಪ್ರತಿಕಾಯಕ್ಕೂ ಒಂದೇ ಒಂದು ಆಕಾರ ಗೊತ್ತು. ಗುಂಪಿನಲ್ಲಿ ತಪ್ಪಿಸಿಕೊಂಡ ಮಗು, ಎಷ್ಟು ಜನ ಕೈ ಚಾಚಿದರೂ ಅಮ್ಮನ ಕೈಯನ್ನೇ ಹಿಡಿಯುತ್ತದೆಯಲ್ಲ, ಹಾಗೆ. ಅದಕ್ಕೆ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿ ಬಿಟ್ಟರೆ, ಎಲ್ಲಿ ಹಸಿರು ಕಂಡಿತೋ ಅಲ್ಲಿ ಬಾಲ ಇದೆ ಎಂದು ಲೆಕ್ಕ. ಒಂದೇ ತೊಡಕು, ಪ್ರತಿಕಾಯ ದಪ್ಪ ಆಸಾಮಿ, ಗಟ್ಟಿಮುಟ್ಟಾದ ಜೀವಕೋಶದ ಪೊರೆ ದಾಟಿ ಒಳಗೆ ನುಗ್ಗಲಾರದು. ಬಾಲ ಹೊರಗಿದ್ದರೆ ಸುಮ್ಮನೆ ಬಂದು ಅಂಟಿಕೊಳ್ಳುತ್ತದೆ. ಒಳಗಿದ್ದರೆ, ಪೊರೆಗೆ ಸೋಪಿನಂಥ ದ್ರವ ಹಾಕಿ ತೂತು ಮಾಡಿಕೊಟ್ಟ ಮೇಲೆ ಮಾತ್ರ.

ನನ್ನ ಪ್ರತಿಕಾಯ ತೂತು ಮಾಡಿಕೊಟ್ಟರೆ ಮಾತ್ರ ಅಂಟುತ್ತಿತ್ತು. ಮಾಡದಿದ್ದರೆ ಕತ್ತಲೆ, ಹಸಿರಿನ ಸುಳಿವೇ ಇಲ್ಲ.

ಅರ್ಥ ಗೊತ್ತಾಯಿತಲ್ಲ? ಒಂದೋ ನನ್ನ ಪ್ರತಿಕಾಯ ಸುಳ್ಳು, ಇಲ್ಲವೇ ಹಜಾರದ ಚಿತ್ರ ಸುಳ್ಳು.

ಆ ಪ್ರತಿಕಾಯ ತಯಾರಿಸುವ ಕೋಶಗಳ ತಳಿಯನ್ನು ನಾನು ಎರಡು ವರ್ಷದಿಂದ ಸಾಕುತ್ತಿದ್ದೇನೆ. ಅದಕ್ಕೆ ಹಟಮಾರಿ ಎಂದು ಹೆಸರಿಟ್ಟಿದ್ದೇನೆ. ಹಬ್ಬ ಹುಣ್ಣಿಮೆ ಎನ್ನದೆ ಹೋಗಿ ಅದಕ್ಕೆ ತಿನ್ನಿಸಿದ್ದೇನೆ, ಬೈದಿದ್ದೇನೆ, ಸತ್ತೇಹೋಯಿತು ಅಂದುಕೊಂಡು ಅತ್ತಿದ್ದೇನೆ. ನನ್ನ ಗಂಡ ಹಲ್ಲಿನ ಡಾಕ್ಟರು. "ನನಗೆ ಜ್ವರ ಬಂದಾಗ ಇಷ್ಟು ಸಲ ಎದ್ದು ನೋಡ್ಲಿಲ್ಲ ನೀನು" ಎಂದು ಅವನು ಆಡಿಕೊಳ್ಳುತ್ತಾನೆ. ನಿಜವೇ ಅದು.

ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಒಂದು ಕಾಲದಲ್ಲಿ ಮಾವನ ಶಿಷ್ಯೆ. ಮಾವನ ಮಾತೆಂದರೆ ಅವರಿಗೆ ಕಲ್ಲಿನ ಮೇಲೆ ಕೊರೆದದ್ದು. ಶುಕ್ರವಾರ ಬೆಳಿಗ್ಗೆ ನನ್ನ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಕನ್ನಡಕ ಮೇಲೆ ಕೆಳಗೆ ಮಾಡಿದರು.

"ಸೋಪು ಹಾಕಿ ತೂತು ಮಾಡಿದ ಮೇಲೆ ಕಂಡಕಂಡದ್ದೆಲ್ಲ ಅಂಟುತ್ತೆ ಕಣೇ."

"ದ್ವಾರಪಾಲಕ ಇಲ್ಲದ ಕೋಶಕ್ಕೆ ತೂತು ಮಾಡಿದ್ರೂ ಅಂಟಲ್ಲ ಮೇಡಂ. ಇಲ್ಲಿ ನೋಡಿ, ಪಕ್ಕದಲ್ಲೇ ಇದೆ."

"ನೋಡ್ದೆ. ಚೆನ್ನಾಗೇ ಇದೆ. ಆದ್ರೆ ಒಂದು ಮಾತು ಹೇಳು. ಸರ್ ಮಾಡಿದ ಪ್ರತಿಕಾಯವೂ ಇದೇ ಬಾಲಕ್ಕೆ ಮಾಡಿದ್ದು ತಾನೆ? ಅವರು ತೂತು ಮಾಡಿರಲಿಲ್ಲ. ಆದ್ರೂ ಅಂಟ್ತು. ಹೇಗೆ?"

ನಾನು ಫೋಟೋಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದೆ.

"ಅದಕ್ಕೆ ಉತ್ತರ ತಗೊಂಡು ಬಾ, ನಿನ್ನ ಪ್ರತಿಕಾಯ ನಂಬ್ತೀನಿ. ಇಲ್ಲಾಂದ್ರೆ ಸೋಮವಾರ ಟ್ಯಾಂಕ್ ಕ್ಲೀನ್ ಮಾಡುವಾಗ ಹಟಮಾರಿಯ ಜಾಗ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಟ್ಯಾಂಕ್ ಎಂದರೆ ಹೊಗೆಯಾಡುವಷ್ಟು ತಣ್ಣಗಿನ ದ್ರವ ಸಾರಜನಕದ ಡ್ರಮ್ಮು. ನಮ್ಮ ಎಲ್ಲ ಕೋಶಗಳೂ ಅದರೊಳಗೆ ನಿದ್ದೆ ಮಾಡುತ್ತವೆ. ಅಲ್ಲಿಂದ ಹೊರಗೆ ಹಾಕಿದರೆ ಕಥೆ ಮುಗಿಯಿತು. ಮತ್ತೆ ಅಂಥದ್ದೇ ತಳಿ ಹುಟ್ಟುತ್ತದೆ ಎನ್ನುವ ಗ್ಯಾರಂಟಿ ಬ್ರಹ್ಮನೂ ಕೊಡಲಾರ. ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ಅನ್ಯಾಯದ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು, ಅದಕ್ಕೇ ಹೆಚ್ಚು ಉರಿ.

ಮಾವನ ಹಳೆಯ ಲೇಖನ ತೆಗೆದು ಇನ್ನೊಮ್ಮೆ ಓದಿದೆ. ನಾನು ಮಾಡುವುದಕ್ಕೂ ಅವರು ಮಾಡಿದ್ದಕ್ಕೂ ಎಲ್ಲಿ ವ್ಯತ್ಯಾಸ? ತಟ್ಟೆಯಲ್ಲಿ ಕೋಶ ಬೆಳೆಸಿದ್ದು ಒಂದೇ ರೀತಿ. ತೊಳೆದದ್ದು ಒಂದೇ ರೀತಿ. ತಟ್ಟೆಗೆ ಅಂಟಿಕೊಂಡ ಕೋಶಗಳನ್ನು ಎತ್ತುವ ಕಡೆ ಮಾತ್ರ ಅವರು ಎರಡೇ ಪದ ಬಳಸಿದ್ದರು: 'ಮೃದುವಾಗಿ ಬಿಡಿಸಲಾಯಿತು'. ಅಷ್ಟೇ. ನಾನಂತೂ ತಣ್ಣಗಿನ ದ್ರಾವಣವೊಂದನ್ನು ಹಾಕಿ ಕಾಯುತ್ತೇನೆ. ಕೋಶಗಳು ತಾವಾಗಿ ಹಿಡಿತ ಸಡಿಲಿಸಿ ತೇಲಿ ಬರುತ್ತವೆ. ಅದಕ್ಕಿಂತ ಮೃದು ಇನ್ನೇನಿದೆ?

ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಮಾವ, ನಿಮ್ಮ ಲೇಖನದಲ್ಲಿ ಮೃದುವಾಗಿ ಅಂತ ಇದೆಯಲ್ಲ, ಎಷ್ಟು ಮೃದುವಾಗಿ?"

"ನಾನೂ ನನ್ನ ರೋಗಿಗಳಿಗೆ ಹಾಗೇ ಹೇಳೋದು, ಮೃದುವಾಗಿ ಕೀಳ್ತೀನಿ ಅಂತ" ಎಂದ ನನ್ನ ಗಂಡ. ಅತ್ತೆ ಅವನ ಕೈಗೆ ಮೊಟಕಿದರು.

ಮಾವನ ಮುಖ ಮಾತ್ರ ದೀಪ ಹಾಕಿದ ಹಾಗೆ ಬೆಳಗಿತು. ನಿವೃತ್ತರಾದ ಮೇಲೆ ಅವರನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. "ಅದು ಕೈಯ ಹದ ಕಣಮ್ಮ, ಬರೆಯೋಕೆ ಬರಲ್ಲ. ಹಾಲಿನ ಮೇಲಿಂದ ಕೆನೆ ತೆಗೀತಾರಲ್ಲ, ಹಾಗೆ. ನಿನಗೆ ಅಂಟ್ತಾ ಇಲ್ವಾ?"

"ತೂತು ಮಾಡದೆ ಅಂಟ್ತಾ ಇಲ್ಲ."

"ಅಂಟಲೇಬೇಕು!" ಎಂದು ಮೇಜು ಗುದ್ದಿದರು. ನೀರಿನ ಲೋಟ ಕುಣಿಯಿತು. "ನಾಳೆ ನಾನೇ ಬರ್ತೀನಿ. ನಿನ್ನ ಪ್ರತಿಕಾಯ, ನನ್ನ ಕೈ. ನೋಡೇಬಿಡೋಣ."

"ಇದ್ದಬದ್ದ ಗಾಜೆಲ್ಲ ಒಡೆದು ಬಂದೀರಿ, ಜೋಪಾನ" ಎಂದರು ಅತ್ತೆ.

ಅವರು ಸೋಲಲಿ ಎಂದು ನಾನು ಬಯಸಿದೆ. ಇದನ್ನು ಮುಚ್ಚಿಡುವುದೇಕೆ? ಮಾವ ಎಂದರೆ ನನಗೆ ಪ್ರಾಣ, ಆದರೆ ಹಟಮಾರಿಯೂ ಪ್ರಾಣವೇ. ಅವರ ಕೈಯಲ್ಲೂ ಅಂಟದಿದ್ದರೆ ಮೇಡಂಗೆ ಅದೇ ಉತ್ತರವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಮಾವ ಮದುವೆಗೆ ಹೊರಟವರ ಹಾಗೆ ತಯಾರಾಗಿದ್ದರು. ಹಳೆಯ ಬಿಳಿ ಕೋಟು ಇಸ್ತ್ರಿಯಾಗಿತ್ತು. ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಬರುತ್ತಿರಲಿಲ್ಲ, ಅಷ್ಟೇ. ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಏನನ್ನೋ ತೆಗೆದು ಬಸ್ಸಿನಲ್ಲೇ ನನಗೆ ತೋರಿಸಿದರು. ಗಾಜಿನ ಕಡ್ಡಿ, ಅದರ ತುದಿಗೆ ಚಪ್ಪಟೆಯಾದ ರಬ್ಬರ್ ಟೋಪಿ. ತಟ್ಟೆಗೆ ಅಂಟಿಕೊಂಡ ಕೋಶಗಳನ್ನು ಹೆರೆದು ತೆಗೆಯುವ ಈ ಕಡ್ಡಿಗೆ ಲ್ಯಾಬುಗಳಲ್ಲಿ ಪೊಲೀಸ್‌ಮನ್ ಎಂದೇ ಹೆಸರು. ಯಾಕೆ ಆ ಹೆಸರು ಬಂತೋ ಯಾರಿಗೂ ಗೊತ್ತಿಲ್ಲ. ನಾನು ಅಂಥದ್ದನ್ನು ಕೈಯಲ್ಲಿ ಹಿಡಿದಿರಲೇ ಇಲ್ಲ.

"ಇದರಲ್ಲೇ ತೆಗೆದದ್ದು?"

"ಇದೇ ಕಡ್ಡಿ. ರಬ್ಬರ್ ಮಾತ್ರ ಮೊನ್ನೆ ಬದಲಾಯಿಸಿದೆ."

"ಮೊನ್ನೆ ಯಾಕೆ ಬದಲಾಯಿಸಿದ್ರಿ?"

ಅವರು ಕಿಟಕಿಯ ಕಡೆ ತಿರುಗಿದರು. "ಯಾವತ್ತಾದ್ರೂ ಕರೀತೀಯ ಅಂತ." ಅವರು ಸೋಲಲಿ ಎಂದುಕೊಂಡದ್ದಕ್ಕೆ ಒಳಗೊಳಗೇ ಕೆನ್ನೆಗೆ ಹೊಡೆದುಕೊಂಡೆ. ಆಸೆಯನ್ನು ಮಾತ್ರ ಬಿಡಲಿಲ್ಲ.

ಮೇಡಂ ಬಾಗಿಲಿಗೇ ಬಂದು ಕರೆದುಕೊಂಡು ಹೋದರು. ಕುರ್ಚಿ ಎಳೆದುಕೊಟ್ಟರು, ಕೈಗವಸು ತಂದುಕೊಟ್ಟರು, ಶಿಷ್ಯೆಯಾಗಿದ್ದಾಗ ಹೇಗೆ ನಿಲ್ಲುತ್ತಿದ್ದರೋ ಹಾಗೇ ಒಂದು ಹೆಜ್ಜೆ ಹಿಂದೆ ನಿಂತರು. ಮಾವ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮಂಜುಗಡ್ಡೆಯ ಮೇಲಿಟ್ಟರು. ಕಡ್ಡಿಯನ್ನು ಓರೆಯಾಗಿ ಹಿಡಿದು ತಟ್ಟೆಯ ಅಂಚಿನಿಂದ ಒಳಕ್ಕೆ ಒಂದೇ ಸಮನೆ ಎಳೆದರು. ಕೈ ಸ್ವಲ್ಪವೂ ನಡುಗಲಿಲ್ಲ. ತಟ್ಟೆಯ ತಳದಿಂದ ಕೋಶಗಳ ಬಿಳಿಯ ಪದರು ಸುರುಳಿ ಸುತ್ತಿಕೊಂಡು ಎದ್ದು ಬಂತು. ನೋಡಲು ನಿಜವಾಗಿಯೂ ಕೆನೆಯೇ.

"ಕೈ ಹಾಗೇ ಇದೆ ಸರ್" ಎಂದರು ಮೇಡಂ.

ನನ್ನ ಹಸಿರು ಪ್ರತಿಕಾಯ ಸೇರಿಸಿ, ಮಂಜುಗಡ್ಡೆಯ ಮೇಲಿಟ್ಟು, ಕಾದು, ತೊಳೆದು, ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಮೂವರೂ ಮೈಕ್ರೋಸ್ಕೋಪಿನ ಕತ್ತಲೆ ಕೋಣೆಗೆ ನುಗ್ಗಿದೆವು. ಅದು ಒಬ್ಬರು ಕೂರುವ ಕೋಣೆ. ಕಪ್ಪು ಪರದೆ ಎಳೆದ ಮೇಲೆ ಯಾರ ಮೊಣಕೈ ಯಾರ ಪಕ್ಕೆಗೆ ತಿವಿಯುತ್ತಿದೆ ಎಂದೂ ತಿಳಿಯುವಂತಿರಲಿಲ್ಲ. ನಾನು ಹಿಡಿ ತಿರುಗಿಸಿ ಕೋಶಗಳನ್ನು ಸ್ಪಷ್ಟ ಮಾಡಿದೆ.

ಹಸಿರು!

ಬೆಂಕಿ ಹತ್ತಿದಂಥ ಹಸಿರು. ಒಂದಲ್ಲ, ಅಲ್ಲಲ್ಲಿ, ಕಣ್ಣು ಕುಕ್ಕುವಂತೆ. ತೂತು ಮಾಡಿಲ್ಲ, ಸೋಪು ಹಾಕಿಲ್ಲ, ಆದರೂ ನನ್ನ ಪ್ರತಿಕಾಯ ಅಂಟಿದೆ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿದ್ದೇ ತಡ, ಮೇಡಂ ಚಪ್ಪಾಳೆ ತಟ್ಟಿಬಿಟ್ಟರು. "ಸರ್! ಬಾಲ ಹೊರಗೇ! ನೋಡಿದ್ಯೇನೇ, ನಿನ್ನ ಪ್ರತಿಕಾಯನೂ ಚೆನ್ನಾಗೇ ಇದೆ. ಎತ್ತೋದು ನಿನಗೆ ಬಂದಿಲ್ಲ ಅಷ್ಟೇ. ಸೋಮವಾರ ಹಟಮಾರಿಯನ್ನ ಯಾರೂ ಮುಟ್ಟಲ್ಲ."

ಮಾವ ನನ್ನ ಬೆನ್ನು ತಟ್ಟಿದರು. "ಹೇಳಿದ್ನಲ್ಲ, ಕೈಯ ಹದ."

ನನಗೆ ಬೇಕಾದ್ದು ಕೈಗೆ ಸಿಕ್ಕಿತ್ತು. ಹಟಮಾರಿ ಬದುಕಿತ್ತು, ಹಜಾರದ ಚಿತ್ರವೂ ಉಳಿದಿತ್ತು, ಮಾವ ಗೆದ್ದಿದ್ದರು, ಮೇಡಂಗೆ ಹಾಲು ಕುಡಿದಷ್ಟು ಸಂತೋಷ. ಜಾಣೆಯಾಗಿದ್ದರೆ ಅಲ್ಲಿಗೆ ದೀಪ ಹಾಕಿ ಎಲ್ಲರಿಗೂ ಕಾಫಿ ತರಲು ಹೋಗಬೇಕಿತ್ತು. ಆದರೆ ನನ್ನ ಕಣ್ಣು ಹಸಿರಿನ ಮೇಲೆ ನಿಲ್ಲಲೊಲ್ಲದು. ಹಸಿರು ಕೋಶಗಳ ನಡುವೆ ತುಂಬ ಕತ್ತಲೆ ಇತ್ತು. ಮಾಮೂಲಿ ಬೆಳಕಿಗೆ ಬದಲಾಯಿಸಿದೆ, ಆ ಕತ್ತಲೆಯ ತುಂಬ ಕೋಶಗಳೇ. ಹೊಳೆಯುವವಕ್ಕಿಂತ ಹೊಳೆಯದವೇ ಹೆಚ್ಚು. ಎಲ್ಲವೂ ಒಂದೇ ತಟ್ಟೆಯ ಮಕ್ಕಳು, ಎಲ್ಲದರ ಮೈಮೇಲೂ ಅದೇ ದ್ವಾರಪಾಲಕ.

"ಉಳಿದವು ಯಾಕೆ ಹೊಳೀತಾ ಇಲ್ಲ?" ಎಂದೆ.

"ಬೇಕಾದ್ದು ಸಿಕ್ತಲ್ಲ, ಸುಮ್ನಿರಬಾರದಾ?" ಎಂದರು ಮೇಡಂ.

"ಅಲ್ಲ ಮೇಡಂ, ಬಾಲ ಹೊರಗಿದ್ರೆ ಎಲ್ಲಾದಕ್ಕೂ ಅಷ್ಟಿಷ್ಟು ಅಂಟಬೇಕು ತಾನೆ? ಇಲ್ಲಿ ನೋಡಿ, ಅಂಟಿದ್ದಕ್ಕೆ ಸಿಕ್ಕಾಪಟ್ಟೆ ಅಂಟಿದೆ, ಉಳಿದದ್ದಕ್ಕೆ ಎಳ್ಳಷ್ಟೂ ಇಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾವ "ಸ್ವಲ್ಪ ಸರಿ" ಎಂದು ನನ್ನನ್ನು ಎಬ್ಬಿಸಿ ತಾವು ಕೂತು, ಪರದೆಯನ್ನು ಬಿಟ್ಟು ಮೈಕ್ರೋಸ್ಕೋಪಿನ ಕಣ್ಣಿಗೇ ಕಣ್ಣಿಟ್ಟರು. ಹಸಿರು ಬೆಳಕು, ಮಾಮೂಲಿ ಬೆಳಕು, ಮತ್ತೆ ಹಸಿರು. ಅವರ ಬೆರಳು ಟಿಕ್ ಟಿಕ್ ಎಂದು ಗುಂಡಿ ಬದಲಾಯಿಸುತ್ತಲೇ ಇತ್ತು. ಎಷ್ಟೋ ವರ್ಷದ ಹೆಮ್ಮೆಯನ್ನು ಸೊಸೆಯಾಗಿ ನಾನು ಈ ಕತ್ತಲೆ ಕೋಣೆಯಲ್ಲಿ ಹಾಳು ಮಾಡುತ್ತಿದ್ದೇನೆಯೇ ಎಂದು ಭಯವಾಯಿತು.

"ನಾನು ಇದನ್ನ ನೋಡೇ ಇರಲಿಲ್ಲ" ಎಂದರು ಕೊನೆಗೆ, ಕಣ್ಣು ತೆಗೆಯದೆ.

"ಯಾವುದನ್ನ ಮಾವ?"

"ಕೋಶಗಳನ್ನ. ಒಂದೊಂದಾಗಿ. ನಮ್ಮ ಕಾಲದಲ್ಲಿ ಪ್ರತಿಕಾಯಕ್ಕೆ ವಿಕಿರಣ ಸೂಸೋ ಗುರುತು ಕಟ್ತಿದ್ವಿ. ಇಡೀ ಟ್ಯೂಬನ್ನ ಮೆಷಿನ್ನೊಳಗೆ ಇಟ್ರೆ ಅದು ಒಟ್ಟು ಎಷ್ಟು ಅಂಟಿದೆ ಅಂತ ಒಂದು ಸಂಖ್ಯೆ ಕಕ್ತಿತ್ತು. ಯಾವ ಕೋಶಕ್ಕೆ ಅಂಟ್ತು, ಯಾವುದಕ್ಕೆ ಬಿಡ್ತು, ಯಾರಿಗೆ ಗೊತ್ತು? ಸಂಖ್ಯೆ ದೊಡ್ಡದಾಗಿತ್ತು. ಬಾಲ ಹೊರಗೆ ಅಂದೆ." ತಟ್ಟನೆ ನನ್ನ ಕಡೆ ತಿರುಗಿದರು, "ನೀಲಿ ಇದೆಯಾ?"

ಅವರು ಕೇಳಿದ ನೀಲಿ ಯಾವುದೆಂದು ತಕ್ಷಣ ಹೊಳೆಯಿತು. ಹರಿದ ಕೋಶದೊಳಕ್ಕೆ ಮಾತ್ರ ಇಳಿಯುವ ಬಣ್ಣ. ಗಟ್ಟಿಯಾಗಿರುವ ಕೋಶ ಅದನ್ನು ಹತ್ತಿರ ಸೇರಿಸುವುದಿಲ್ಲ.

"ನೀಲಿ ಹಾಕಿದ್ರೆ ಹಸಿರು ಮಂಕಾಗುತ್ತೆ ಮಾವ. ಈಗ ಕೆಂಪು ಬಂದಿದೆ, ಅದೇ ಕೆಲಸ ಮಾಡುತ್ತೆ."

"ಹಾಗಾದ್ರೆ ಕೆಂಪು ತಾ. ಓಡು!"

ಓಡಿದೆ. ಓಡಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿರುವ ಆ ಕಾರಿಡಾರಿನಲ್ಲಿ ಚಪ್ಪಲಿ ಪಟಪಟ ಎನಿಸುತ್ತ ಓಡಿದೆ. ಫ್ರಿಜ್ಜಿನಿಂದ ಕೆಂಪು ಬಣ್ಣದ ಪುಟ್ಟ ಟ್ಯೂಬು ತಂದು, ಉಳಿದಿದ್ದ ಕೋಶಗಳಿಗೆ ಬೆರೆಸಿ, ಹೊಸ ತೊಟ್ಟು ಬಿಟ್ಟೆ. ಆತುರದಲ್ಲಿ ಮೊದಲ ತೊಟ್ಟು ಮೇಜಿನ ಪಾಲಾಯಿತು. ಮಾವ ಆ ಒಂದು ತೊಟ್ಟಿಗೆ ನನ್ನನ್ನು ಬೈದ ಬೈಗುಳ, ಮದುವೆಯಾದಂದಿನಿಂದ ಕೇಳಿರಲಿಲ್ಲ. ಕೇಳಿ ಯಾಕೋ ಹಿತವಾಯಿತು. ಲ್ಯಾಬಿನವಳನ್ನು ಬೈಯುವ ಹಾಗೆ ಬೈದರು, ಸೊಸೆಯನ್ನು ಬೈಯುವ ಹಾಗಲ್ಲ.

ಮತ್ತೆ ಕತ್ತಲೆ. ಮೊದಲು ಹಸಿರು ಬೆಳಕು, ಅದೇ ಅಲ್ಲಲ್ಲಿ ಉರಿಯುವ ಕೋಶಗಳು. ಮಾವ ಗುಂಡಿ ಬದಲಾಯಿಸಿದರು. ಈಗ ಕೆಂಪು. ಆಮೇಲೆ ಎರಡನ್ನೂ ಒಂದರ ಮೇಲೊಂದು ಕೂಡಿಸಿ ಪರದೆಗೆ ಬಿಡು ಎಂದರು. ಬಿಟ್ಟೆ.

ಒಂದೊಂದು ಹಸಿರು ಕೋಶದ ಹೊಟ್ಟೆಯಲ್ಲೂ ಒಂದೊಂದು ಕೆಂಪು ಬೊಟ್ಟು. ಹಸಿರು ಇರುವಲ್ಲೆಲ್ಲ ಕೆಂಪು. ಹಸಿರು ಇಲ್ಲದ ಕಡೆ ಕೆಂಪೂ ಇಲ್ಲ. ಪಟ್ಟಿಯನ್ನು ಆಚೆ ಸರಿಸಿದೆ, ಈಚೆ ಸರಿಸಿದೆ, ಎಲ್ಲಿ ನೋಡಿದರೂ ಅದೇ. ಹೊಳೆದದ್ದೆಲ್ಲ ಹರಿದ ಕೋಶಗಳು. ಪೊಲೀಸ್‌ಮನ್ ಎಳೆದಾಗ ಪೊರೆ ಹರಿದು, ಆ ಹರುಕಿನಲ್ಲಿ ನನ್ನ ದಪ್ಪ ಆಸಾಮಿ ಒಳಗೆ ನುಗ್ಗಿ, ಒಳಗಿದ್ದ ಬಾಲವನ್ನು ಹಿಡಿದಿತ್ತು.

"ಬಾಲ ಒಳಗಿದೆ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳು!" ಎಂದರು ಮಾವ.

"ಬಾಲ ಒಳಗಿದೆ ಮಾವ!"

"ಒಳಗಿದೆ!" ಎಂದು ಅವರು ಕುರ್ಚಿಯಿಂದ ಎದ್ದ ರಭಸಕ್ಕೆ ಕಪ್ಪು ಪರದೆ ಕೊಂಡಿಯಿಂದ ಕಳಚಿ ನಮ್ಮ ಮೂವರ ತಲೆಯ ಮೇಲೂ ಬಿತ್ತು. ಅದರೊಳಗಿಂದಲೇ ಅವರ ಮಾತು ಬರುತ್ತಿತ್ತು. "ನೀಲಿ ಹಾಕಿ ನಾವೂ ನೋಡಿದ್ವಿ ಕಣಮ್ಮ! ಬಹುಪಾಲು ಚೆನ್ನಾಗಿದ್ವು. ಹರಿದದ್ದು ಕೆಲವೇ ಕೆಲವು, ಪರವಾಗಿಲ್ಲ ಅಂತ ಮುಂದೆ ಹೋದ್ವಿ. ಆ ಕೆಲವೇ ನಮಗೆ ಇಡೀ ಸಂಖ್ಯೆ ಕೊಟ್ಟುಬಿಟ್ಟಿವೆ! ಎಂಥಾ ಕಳ್ಳರು ನೋಡು!"

ಮೇಡಂ ಪರದೆಯಿಂದ ತಲೆ ಬಿಡಿಸಿಕೊಂಡು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದರು. "ಸರ್, ನೀವು... ನಗ್ತಾ ಇದ್ದೀರಾ?"

"ಮತ್ತೇನು ಅಳ್ಲಾ? ಒಂದು ನಿಮಿಷ, ಇನ್ನೂ ಮುಗಿದಿಲ್ಲ. ದ್ವಾರಪಾಲಕ ಇಲ್ಲದ ಕೋಶ ಇದೆಯಲ್ಲ, ಅದನ್ನೂ ಹೆರೀತೀನಿ, ತಾ. ಹರಿದ ಕೋಶಕ್ಕೆ ಕಂಡಕಂಡದ್ದೆಲ್ಲ ಅಂಟುತ್ತೆ ಅಂತ ನಾಳೆ ಯಾರಾದ್ರೂ ಇವಳ ಬಾಯಿ ಮುಚ್ಚಿಸಬಾರದು."

ಮೇಡಂ ನೆಲ ನೋಡಿದರು. ನಾನು ಛಾವಣಿ ನೋಡಿದೆ.

ಹೆರೆದರು. ಈ ಸಲ ಬೇಕೆಂದೇ ಸ್ವಲ್ಪ ಒರಟಾಗಿ. ಕೆಂಪು ಬೊಟ್ಟುಗಳು ರಾಶಿ ರಾಶಿ, ಹಸಿರು ಮಾತ್ರ ಹುಡುಕಿದರೂ ಇಲ್ಲ. ಪೊರೆ ಹರಿದು ಬಾಯಿ ಬಿಟ್ಟಿದ್ದರೂ ನನ್ನ ಪ್ರತಿಕಾಯ ಒಳಗೆ ಹೋಗಿ, ತನ್ನ ಬಾಲ ಕಾಣದೆ, ಏನನ್ನೂ ಮುಟ್ಟದೆ ತೊಳೆದುಹೋಗಿತ್ತು. ಹಟಮಾರಿ ಹೆಸರಿಗೆ ತಕ್ಕ ಹಟಮಾರಿ. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಜಾಗವಿಲ್ಲದ್ದಕ್ಕೆ ಮೇಡಂ ಕೈಯನ್ನೇ ಹಿಡಿದು ಅಲ್ಲಾಡಿಸಿದೆ.

"ನನಗೆ ಉತ್ತರ ಸಿಕ್ತು" ಎಂದರು ಮೇಡಂ. "ಸೋಮವಾರ ನನ್ನ ಹಳೇ ತಳಿಗಳನ್ನೇ ತೆಗೆದು ಹಟಮಾರಿಗೆ ಇನ್ನೊಂದು ಸಾಲು ಕೊಡ್ತೀನಿ. ಸಾಕಾ?"

"ಸಾಲೋದಿಲ್ಲ!" ಎಂದರು ಮಾವ. ಅವರಾಗಲೇ ಗೋಡೆಯ ಬಿಳಿ ಹಲಗೆಯ ಮುಂದೆ ನಿಂತಿದ್ದರು. "ಬಾಲ ಒಳಗಿದ್ರೆ ಅದು ಅಲ್ಲಿ ಕೂತು ಏನ್ಮಾಡ್ತಾ ಇದೆ, ಹೇಳಿ? ಜಿಂಕ್ ಒಳಗೆ ಸಾಕಷ್ಟು ಬಂತು ಅಂತ ಬಾಗಿಲಿಗೆ ಹೇಗೆ ಗೊತ್ತಾಗುತ್ತೆ ಅಂತ ಇಷ್ಟು ವರ್ಷ ತಲೆ ಕೆಡಿಸಿಕೊಂಡ್ವಿ. ಒಳಗೇ ಒಬ್ಬ ಕೂತಿದ್ದಾನಲ್ಲ! ಬಾಲವೇ ಅಗುಳಿ ಇರಬಹುದು! ನಾನು ಅಗುಳಿಯನ್ನ ತಗೊಂಡು ಹೋಗಿ ಬೀದಿ ಕಡೆ ಸಿಕ್ಕಿಸಿದ್ದೆ. ಮತ್ತೆ ಯಾರಿಗೆ ತಾನೆ ಅರ್ಥ ಆಗುತ್ತೆ?"

ನಾನೂ ಹಲಗೆಯ ಹತ್ತಿರ ಹೋದೆ. "ಹಾಗಾದ್ರೆ ಮಾವ, ನನ್ನ ಪ್ರತಿಕಾಯ ಹೋಗಿ ಬಾಲವನ್ನ ಬಿಗಿಯಾಗಿ ಹಿಡ್ಕೊಂಡ್ರೆ..."

"ಬಾಗಿಲು ಮುಚ್ಚಕ್ಕಾಗದೆ ತೆರೆದೇ ಇರಬೇಕು!"

"ಪೊರೆಯನ್ನ ಗುಳ್ಳೆ ಮಾಡಿ, ಒಳಮೈ ಹೊರಗೆ ತಿರುಗಿಸಿದ್ರೆ ಬಾಲ ಕೈಗೆ ಸಿಗುತ್ತೆ. ಆಗ ಪರೀಕ್ಷೆ ಮಾಡಬಹುದು!"

"ಅದನ್ನ ನಾನು ಹೇಳೋಕೆ ಮುಂಚೆ ಹೇಳಿಬಿಟ್ಟೆಯಲ್ಲ" ಎಂದು ಮಾವ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಿಜವೋ ಸುಳ್ಳೋ ಪರೀಕ್ಷೆಯೇ ಹೇಳಬೇಕು, ಆದರೆ ಕೇಳಲು ಸರಿಯಾದ ಪ್ರಶ್ನೆಯಾದರೂ ಸಿಕ್ಕಿತ್ತು. ಊಟದ ಹೊತ್ತು ಮೀರುವವರೆಗೂ ಮೂವರೂ ಆ ಹಲಗೆಯ ಮುಂದೆ ಒಬ್ಬರ ಮಾತನ್ನು ಒಬ್ಬರು ಕಿತ್ತುಕೊಂಡು ಮಾತಾಡಿದೆವು. ಮಾವನ ಕೋಟಿಗೆ ಹಸಿರು ಮಸಿ, ನನ್ನ ಕೆನ್ನೆಗೆ ಕೆಂಪು ಮಸಿ. ಮೇಡಂ ಮೊದಲ ಸಲ ಮಾವನ ಒಂದು ಮಾತನ್ನು "ಅದು ತಪ್ಪು ಸರ್" ಎಂದು ಅಳಿಸಿದರು. ಅಳಿಸಿದ ಮೇಲೆ ತಾವೇ ಬೆಚ್ಚಿಬಿದ್ದರು.

ಮನೆಗೆ ಬರುವ ಬಸ್ಸಿನಲ್ಲಿ ಮಾವ ಕರವಸ್ತ್ರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದರು. ಲ್ಯಾಬಿನಲ್ಲಿ ನಕ್ಕದ್ದು ಸರಿ, ಮನೆಯ ಬಾಗಿಲು ತೆಗೆದರೆ ಎದುರಿಗೇ ಆ ಗೋಡೆ.

"ಬೇಜಾರಾಯ್ತಾ ಮಾವ?"

"ಆಗದೆ ಇರುತ್ತಾ? ಆಯ್ತು." ಗಂಟನ್ನು ಜೇಬಿಗಿಳಿಸಿದರು. "ಆದ್ರೆ ಬೇರೆ ಯಾರೋ ಎಲ್ಲೋ ಕಂಡುಹಿಡಿದು, ನಾನು ಪೇಪರಿನಲ್ಲಿ ಓದಿದ್ದಿದ್ರೆ ಸತ್ತೇ ಹೋಗ್ತಿದ್ದೆ. ನನ್ನ ತಪ್ಪನ್ನ ನನ್ನ ಕೈಯಲ್ಲೇ ಹಿಡಿಯೋಕೆ ಕರ್ಕೊಂಡು ಹೋದೆಯಲ್ಲ, ಆ ಖುಷಿ ದೊಡ್ಡದು." ಬಸ್ಸು ಇಳಿಯುವಾಗ ಕೇಳಿದರು, "ನಿಮ್ಮ ಅತ್ತೆಗೆ ಯಾರು ಹೇಳೋದು?"

ಅತ್ತೆಗೆ ಹೇಳಬೇಕಾಗಲಿಲ್ಲ. ಮಾವ ಚಪ್ಪಲಿ ಬಿಡುವುದಕ್ಕೂ ಮೊದಲೇ ಚಿತ್ರವನ್ನು ಮೊಳೆಯಿಂದ ಇಳಿಸಿದ್ದರು. ಅತ್ತೆ ಅಡುಗೆಮನೆಯಿಂದ ಬಂದು, ಖಾಲಿ ಗೋಡೆಯನ್ನೂ ಗಂಡನನ್ನೂ ನನ್ನ ಕೆನ್ನೆಯ ಕೆಂಪು ಮಸಿಯನ್ನೂ ನೋಡಿದರು.

"ಬಾಲ ಒಳಗಂತೆ" ಎಂದರು ಮಾವ, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ.

"ಹೊರಗೆ ಅಂದ್ರಿ, ಹೊರಗೆ ಬರೆದೆ. ಈಗ ಒಳಗಂತೆ." ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಆ ಬಾಲ ಸರಿಯಾಗಿ ಬಾಗಿಲ್ಲ ಅಂತ ನನ್ನ ಹತ್ರ ಎಷ್ಟು ಸಲ ಬರೆಸಿದ್ರಿ, ನೆನಪಿದೆಯಾ?"

"ಇದೆ. ತಪ್ಪು ನಂದು, ಮೃದುವಾಗಿ ಹೆರೆದೆ ಅಂದ್ಕೊಂಡು ಕೋಶ ಹರಿದುಬಿಟ್ಟಿದ್ದೆ. ಇದನ್ನ ಒಳಗೆ ಎತ್ತಿಟ್ಟುಬಿಡು. ಹೊಸದು ಕಂಪ್ಯೂಟರಲ್ಲಿ ಇವಳು ಮಾಡ್ತಾಳೆ."

ಆ ಮಾತಿಗೆ ಮಾತ್ರ ಅತ್ತೆಗೆ ಸಿಟ್ಟು ಬಂತು. ಬಾಲಕ್ಕೆ ಬಾರದ ಸಿಟ್ಟು. "ಯಾಕೆ? ಉಳಿದದ್ದೆಲ್ಲ ಸರಿ ಇದೆ ತಾನೆ? ತಪ್ಪಿರೋದು ಬಾಲ ಒಂದೇ ತಾನೆ? ಇಡೀ ಹಾಳೆ ಯಾಕೆ ಎಸೀಬೇಕು? ಇಲ್ಲಿ ಕೊಡಿ."

ಚೌಕಟ್ಟು ಬಿಚ್ಚಿ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿದರು. ಹೊಲಿಗೆ ಡಬ್ಬಿಯಿಂದ ಒಂದು ಬ್ಲೇಡು ಬಂತು. ನಕ್ಷೆ ಬರೆಯುವವರು ಶಾಯಿ ತಪ್ಪಿದರೆ ಹಾಳೆ ಬದಲಾಯಿಸುವುದಿಲ್ಲ, ಬ್ಲೇಡಿನ ಅಂಚಿನಿಂದ ಶಾಯಿಯನ್ನಷ್ಟೇ ಹೆರೆದು ತೆಗೆದು ಅಲ್ಲೇ ಮತ್ತೆ ಬರೆಯುತ್ತಾರೆ. ಅತ್ತೆ ಬ್ಲೇಡನ್ನು ಓರೆಯಾಗಿ ಹಿಡಿದು ಹೊರಗೆ ಚಾಚಿಕೊಂಡ ಬಾಲದ ತುದಿಯಿಂದ ಶುರುಮಾಡಿದರು. ಕರ್ ಕರ್ ಎಂದು ಸಣ್ಣ ಸದ್ದು. ಎಷ್ಟೋ ವರ್ಷದ ಶಾಯಿ ಕಪ್ಪು ಪುಡಿಯಾಗಿ ಏಳುತ್ತಿತ್ತು. ಮೇಜಿನ ದೀಪ ಹಿಡಿದು ಬಗ್ಗಿ ನಿಂತಿದ್ದ ಮಾವನಿಗೆ ತಡೆಯಲಾಗಲಿಲ್ಲ.

"ಮೃದುವಾಗಿ ಕಣೇ, ಮೃದುವಾಗಿ, ಹರಿದೀತು..."

ಅತ್ತೆ ಬ್ಲೇಡು ನಿಲ್ಲಿಸಿ ತಲೆಯೆತ್ತಿದರು. "ಆ ಮಾತು ನೀವು ಆಡ್ಬೇಡಿ."

ನನಗೆ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡೆ. ಮಾವ ಮೊದಲು ಪೆಚ್ಚಾದರು, ಆಮೇಲೆ ದೀಪ ಅಲುಗುವ ಹಾಗೆ ನಕ್ಕರು. ನಗುತ್ತ ನಗುತ್ತ ಅವರ ಕಣ್ಣಿಂದ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅತ್ತೆ ಸೆರಗಿನಿಂದ ಒರೆಸಿ, "ದೀಪ ಗಟ್ಟಿಯಾಗಿ ಹಿಡೀರಿ" ಎಂದು ಮತ್ತೆ ಬಗ್ಗಿದರು.

ಕೊನೆಯ ಪುಡಿಯನ್ನು ಊದಿ, ಹಾಳೆಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಹೆರೆದ ಜಾಗದಲ್ಲಿ ಒಂದು ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಮಾವ ಅಲ್ಲಿ ಬೆರಳಾಡಿಸಿ ನೋಡಿ, ತಲೆದೂಗಿದರು.

ಅತ್ತೆ ಶಾಯಿಯಲ್ಲಿ ಪೆನ್ನು ಅದ್ದಿಕೊಂಡರು. ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿದವರು ಅರ್ಧಕ್ಕೇ ನಿಂತು, ನನ್ನ ಕಡೆ ನೋಡಿದರು.

"ನೀನು ಹೇಳಮ್ಮ. ಬಾಲ ಎಲ್ಲಿಗೆ ಬರಬೇಕು?"

ನಾನು ಮಾವನನ್ನು ನೋಡಿದೆ. ಅವರು ದೀಪವನ್ನು ನನ್ನ ಕೈಯ ಹತ್ತಿರಕ್ಕೆ ತಂದರು. ಕೆಳಗಿನ ಗೆರೆಯಿಂದಲೂ ಕೆಳಗೆ, ಕೋಶದ ಒಳಗಡೆ ಬೆರಳಿಟ್ಟೆ, ಅತ್ತೆ ಅಲ್ಲಿಂದ ಬರೆಯಲು ಶುರುಮಾಡಿದರು.